ಓರೆ ಚೈನಿನ ಅಳಿಯ

ಕಿಫ್ಲೆ ಕರುಣೆಯಿಲ್ಲದ ಮನುಷ್ಯ. ಕುಡಿಯುವವನಲ್ಲ, ಹೊಡೆಯುವವನಲ್ಲ, ಕೈ ಬಿಗಿಯೂ ಅಲ್ಲ. ಆದರೆ ಕಣ್ಣೆದುರು ಯಾರೋ ತಪ್ಪು ಮಾಡುತ್ತಿದ್ದರೆ ಅದನ್ನು ತಿದ್ದದೆ ಬಿಡುವಷ್ಟು ದಯೆ ಅವನ ಮೈಯಲ್ಲಿ ಎಲ್ಲಿ ಹುಡುಕಿದರೂ ಸಿಗುವಂತಿರಲಿಲ್ಲ. ಹೆಂಡತಿ ಲೆಮ್ಲೆಮ್ ಇದನ್ನು ಕಂಡುಕೊಂಡದ್ದು ಮದುವೆಯ ದಿನ, ಇಗರ್ಜಿಯ ಒಳಗೇ. ಪಾದ್ರಿಗಳು ವಧೂವರರ ತಲೆಯ ಮೇಲೆ ಕಿರೀಟವಿಟ್ಟು ಪ್ರಾರ್ಥನೆ ಹೇಳುತ್ತಿದ್ದರು. ಮದುಮಗ ಮೆಲ್ಲನೆ, "ಅವಳದು ಎಡಕ್ಕೆ ವಾಲಿದೆ," ಎಂದ. ಪಾದ್ರಿಗಳು ಪ್ರಾರ್ಥನೆ ನಿಲ್ಲಿಸಿ ಕಿರೀಟ ಸರಿಪಡಿಸಿದರು. "ಈಗ ಬಲಕ್ಕೆ," ಎಂದ ಕಿಫ್ಲೆ.

ಅಸ್ಮರಾದ ಹೈಸ್ಕೂಲೊಂದರಲ್ಲಿ ಗಣಿತ ಕಲಿಸುತ್ತಿದ್ದಷ್ಟು ಕಾಲ ಈ ಕಾಯಿಲೆಗೆ ಒಂದು ಹೊರದಾರಿ ಇತ್ತು. ತಿದ್ದಲು ದಿನಾ ರಾಶಿ ರಾಶಿ ಲೆಕ್ಕ ಬರುತ್ತಿತ್ತು. ಸಂಜೆ ಮನೆಗೆ ಬರುವ ಹೊತ್ತಿಗೆ ಅವನ ಹಸಿವು ಅರ್ಧ ತೀರಿರುತ್ತಿತ್ತು. ನಿವೃತ್ತಿಯಾದ ಮರುದಿನದಿಂದ ಇಡೀ ನಗರವೇ ಅವನ ಪಾಲಿಗೆ ಉತ್ತರಪತ್ರಿಕೆಯಾಯಿತು. ಕಾಫಿ ಬಾರಿನ ಹುಡುಗಿ ಹಾಲು ಸುರಿಯುವ ಕೋನ, ಪಕ್ಕದ ಮನೆಯವರು ಬಟ್ಟೆ ಒಣಹಾಕುವ ಕ್ರಮ, ಲೆಮ್ಲೆಮ್ ಈರುಳ್ಳಿ ಹೆಚ್ಚುವ ದಿಕ್ಕು, ಯಾವುದೂ ಪಾಸಾಗಲಿಲ್ಲ. ಅವರೆಲ್ಲ ಒಂದಂಕ ಕಳೆಯಬೇಕಾದ ಅಪರಾಧಿಗಳು. ಮಹಾಪರಾಧಿಗಳೆಂದರೆ ಗೇರಿನ ಸೈಕಲ್ಲಿನಲ್ಲಿ ಚೈನನ್ನು ಓರೆಯಾಗಿ ಓಡಿಸುವವರು.

ಅಸ್ಮರಾದಲ್ಲಿ ಸೈಕಲ್ಲು ಹತ್ತದವನಿಲ್ಲ. ವಕೀಲ, ಬಡಗಿ, ರೊಟ್ಟಿ ಮಾರುವವಳು, ಕೋಟು ಟೈ ಹಾಕಿದ ಮುದುಕ, ಎಲ್ಲರೂ ಅದರ ಮೇಲೇ. ಭಾನುವಾರ ಬೀದಿಯಲ್ಲಿ ರೇಸು ನಡೆದರೆ ಇಗರ್ಜಿಯೂ ಬೇಗ ಮುಗಿಯುತ್ತದೆ. ಹೊಸ ಚೈನು ಮಾತ್ರ ಅಂಗಡಿಯಲ್ಲಿ ಸಿಗುವುದಿಲ್ಲ. ಹೊರದೇಶದಲ್ಲಿರುವ ಯಾರದೋ ತಮ್ಮನ ಪೆಟ್ಟಿಗೆಯಲ್ಲಿ, ಆ ತಮ್ಮನಿಗೆ ಊರಿನ ನೆನಪಾದಾಗ ಬರುತ್ತದೆ. ಲೆಮ್ಲೆಮಳ ತಮ್ಮ ಫ್ರಾಂಕ್‌ಫರ್ಟಿನಿಂದ ಫೋನು ಮಾಡಿ, "ಅಕ್ಕಾ, ಏನು ತರಲಿ?" ಎಂದು ಕೇಳಿದಾಗ ಅವಳು "ಒಂದು ಜೊತೆ ಶೂ…" ಎನ್ನುವಷ್ಟರಲ್ಲಿ ಕಿಫ್ಲೆ ಫೋನು ಕಿತ್ತುಕೊಂಡು, "ಏಳು ಗೇರಿನ ಚೈನು," ಎಂದು ಕೂಗಿದ್ದ. ಚೈನು ಬಂತು. ಲೆಮ್ಲೆಮ್ ಹಳೆಯ ಶೂವಿನಲ್ಲೇ ಇಗರ್ಜಿಗೆ ಹೋದಳು.

ಸೈಕಲ್ಲು ನಿಲ್ಲುತ್ತಿದ್ದುದು ಹಜಾರದಲ್ಲಿ. ನಿಲ್ಲುತ್ತಿತ್ತು ಎಂದರೆ ತಪ್ಪು, ಸೋಫಾದ ಮೇಲಿನ ಗೋಡೆಯಲ್ಲಿ ತೂಗುತ್ತಿತ್ತು. (ಅಲ್ಲಿದ್ದ ಮರಿಯಮ್ಮನವರ ಪಟ ಬಚ್ಚಲಿಗೆ ಹೋಗುವ ದಾರಿಯಲ್ಲಿ ನೆಲೆಸಿತು.) ಊಟಕ್ಕೆ ಕುಳಿತಾಗಲೆಲ್ಲ ಕಿಫ್ಲೆ ಅದರತ್ತ ಕೈ ತೋರಿಸಿ ಪಾಠ ಶುರುಮಾಡುತ್ತಿದ್ದ.

"ಮುಂದೆ, ಪೆಡಲಿನ ಪಕ್ಕ, ಹಲ್ಲಿನ ಬಿಲ್ಲೆ ಎರಡು. ಹೊರಗಡೆ ದೊಡ್ಡದು, ಒಳಗಡೆ ಚಿಕ್ಕದು. ಹಿಂದಿನ ಚಕ್ರಕ್ಕೆ ಏಳು ಬಿಲ್ಲೆ. ಅಲ್ಲಿ ತಿರುಗಾಮುರುಗಾ: ಒಳಗಡೆ ದೊಡ್ಡದು, ಹೊರಗೆ ಬರ್ತಾ ಬರ್ತಾ ಚಿಕ್ಕದು. ಆದ್ದರಿಂದ ಮುಂದೆ ದೊಡ್ಡದಿದ್ದರೆ ಹಿಂದೆ ಚಿಕ್ಕದು ಹಾಕು. ಮುಂದೆ ಚಿಕ್ಕದಿದ್ದರೆ ಹಿಂದೆ ದೊಡ್ಡದು. ಆಗ ಚೈನು ನೇರ ಓಡುತ್ತೆ. ದೊಡ್ಡದಕ್ಕೆ ದೊಡ್ಡದು ಕಟ್ಟಿದೆಯೋ, ಚೈನು ಓರೆ. ಓರೆಯಾದರೆ ಉಜ್ಜುತ್ತೆ. ಉಜ್ಜಿದರೆ ಸವೆಯುತ್ತೆ. ಸವೆದ ಚೈನು ಬಿಲ್ಲೆಯ ಹಲ್ಲನ್ನೂ ತಿಂದುಹಾಕುತ್ತೆ. ಕೇಳ್ತಾ ಇದೀಯಾ?"

"ಹೂಂ," ಎನ್ನುತ್ತಿದ್ದಳು ಲೆಮ್ಲೆಮ್.

ಈ 'ಹೂಂ' ಎಂಬುದು ದಾಂಪತ್ಯ ಶಾಸ್ತ್ರದ ಒಂದು ಮಹಾಸಾಧನೆ. ಗಂಡನ ಮಾತು ಎಡಗಿವಿಯ ಬಾಗಿಲಿಗೆ ಬಂದು ತಟ್ಟುವ ಮೊದಲೇ ಅದನ್ನು ಹೊರಗಿನಿಂದ ಹೊರಗೇ ಮರ್ಯಾದೆಯಿಂದ ಕಳಿಸಿಕೊಡುವ ಉಪಾಯ ಅದು. ಅವಳೂ ಮೊದಲು ಸೈಕಲ್ಲು ಹೊಡೆಯುತ್ತಿದ್ದವಳೇ. ತಂಗಿಯ ಮದುವೆಗೆ ಹೊಸ ಬಿಳಿ ಉಡುಪು ಉಟ್ಟು ಹೋಗುವಾಗ ಕಿಫ್ಲೆ ಹಿಂದಿನಿಂದ ಮಾರ್ಕೆಟ್ಟಿನ ಉದ್ದಕ್ಕೂ "ಚಿಕ್ಕದಕ್ಕೆ ಇಳಿಸು! ಇಳಿಸು ಅಂದ್ರೆ!" ಎಂದು ಕಿರುಚುತ್ತ ಬಂದಿದ್ದ. ಮಾರ್ಕೆಟ್ಟಿನವರು ಅದಕ್ಕೆ ಬೇರೆಯೇ ಅರ್ಥ ಮಾಡಿಕೊಂಡು ಅವಳ ಲಂಗದತ್ತ ನೋಡಿದರು. ಅಂದು ಇಳಿದವಳು ಮತ್ತೆ ಹತ್ತಲಿಲ್ಲ. ಮಗಳು ರಿಶಾನ್ ಅಮ್ಮನ ಗತಿ ನೋಡಿ ಮೊದಲಿನಿಂದಲೂ ಬಸ್ಸಿನಲ್ಲೇ ಓಡಾಡಿದಳು.

ಆ ರಿಶಾನ್ ಒಂದು ಮಧ್ಯಾಹ್ನ ಅಡುಗೆಮನೆಗೆ ಬಂದು, ಔಷಧದಂಗಡಿಯ ಕೆಲಸಕ್ಕೆ ಹೊತ್ತಾಗುತ್ತಿದ್ದರೂ ಹೋಗದೆ, ನೆಟ್ಟಗಿದ್ದ ಬಟ್ಟಲುಗಳನ್ನೆಲ್ಲ ಇನ್ನೊಮ್ಮೆ ನೆಟ್ಟಗೆ ಜೋಡಿಸತೊಡಗಿದಳು.

"ಯಾರು?" ಎಂದಳು ಲೆಮ್ಲೆಮ್.

"ಯಾರು ಅಂದ್ರೆ?"

"ಬಟ್ಟಲು ಜೋಡಿಸೋದು ನಿಮ್ಮಪ್ಪನ ಚಾಳಿ, ನಿಂದಲ್ಲ. ಯಾರು ಹುಡುಗ?"

ಹುಡುಗನ ಹೆಸರು ಮೆರ್ಹಾವಿ. ಚಿಕ್ಕಪ್ಪ ಬೆರಾಕಿಯವರ ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುತ್ತಿದ್ದ. ಈಸ್ಟರಿನ ಉಪವಾಸ ಮುಗಿದ ಮೇಲೆ ಹಿರಿಯರನ್ನು ಕಳಿಸಿ ಹೆಣ್ಣು ಕೇಳಿಸುವುದಾಗಿ ಹೇಳಿದ್ದ.

"ಅಪ್ಪ ಒಪ್ತಾರಾ ಅಮ್ಮಾ?" ಎಂದಳು ರಿಶಾನ್. "ಆ ಡಾಕ್ಟರ ಕಡೆಯವರಿಗೆ ಏನು ಮಾಡಿದರು ನೆನಪಿದೆಯಲ್ಲ."

ನೆನಪಿರದೆ ಏನು. ಡಾಕ್ಟರ ತನ್ನ ಸೈಕಲ್ಲನ್ನು ಚೈನು ಕೆಳಗಾಗುವಂತೆ ಮಣ್ಣಲ್ಲಿ ಮಲಗಿಸಿದ್ದನ್ನು ಕಿಫ್ಲೆ ಎಲ್ಲೋ ನೋಡಿದ್ದ. ಹಿರಿಯರು ಬಂದು ಕುರ್ಚಿಯಲ್ಲಿ ಕೂರುವ ಮೊದಲೇ ಉತ್ತರ ಹೇಳಿ ಕಳಿಸಿದ. ಆ ಡಾಕ್ಟರನಿಗೆ ಈಗ ಕೆರೆನ್ ಊರಿನಲ್ಲಿ ಅವಳಿ ಮಕ್ಕಳು. ಆಮೇಲೆ ಯಾರೂ ಕೇಳಿ ಬಂದಿರಲಿಲ್ಲ. ಬಾಗಿಲಲ್ಲಿ ಹಿರಿಯರಿಗೆ ಅವಮಾನವಾದ ಮನೆ ಎಂದರೆ ಹಾಗೆಯೇ. ಒಂದು ಸಲ ಆದರೆ ಜನ ಆಕಸ್ಮಿಕ ಎನ್ನುತ್ತಾರೆ, ಎರಡನೇ ಸಲ ಆದರೆ ಆ ಮೆಟ್ಟಿಲನ್ನು ಯಾರೂ ಹತ್ತುವುದಿಲ್ಲ. ರಿಶಾನಳಿಗೆ ಅದು ಗೊತ್ತಿತ್ತು. ಲೆಮ್ಲೆಮಳಿಗೆ ಇನ್ನೂ ಚೆನ್ನಾಗಿ ಗೊತ್ತಿತ್ತು.

"ಅವನ ಹತ್ರ ಯಾವ ಸೈಕಲ್ಲಿದೆ?"

"ಗೇರಿಲ್ಲದ ಕರೀ ಸೈಕಲ್ಲು. ಆದರೆ ಅಪ್ಪನ ವಿಷಯ ಹೇಳಿದ ಮೇಲೆ ಹೆದರಿ, ಯಾರೋ ನೆಂಟನ ಹತ್ತಿರ ಗೇರಿನದು ತಗೊಂಡಿದಾನೆ. ಯಾವ ಬಿಲ್ಲೆಗೆ ಯಾವ ಬಿಲ್ಲೆ ಹಾಕಬೇಕು ಅಂತ ಕೇಳ್ತಿದಾನೆ. ನನಗೇನು ಗೊತ್ತು?"

ಲೆಮ್ಲೆಮಳ ತಲೆಯಲ್ಲಿ ಆಗ ಮಿಂಚಿತು. ಹುಡುಗ ದಿನಾ ಸಂಜೆ ಮನೆಯ ಕೆಳಗಿನ ಏರುಬೀದಿಯಲ್ಲಿ ಹಾದುಹೋಗಲಿ. ಕಿಫ್ಲೆ ಆ ಹೊತ್ತಿಗೆ ಬಾಲ್ಕನಿಯಲ್ಲಿ ಕುಳಿತು ಕಿವಿಯಿಂದಲೇ ಲೋಕಕ್ಕೆ ಅಂಕ ಹಾಕುತ್ತಿರುತ್ತಾನೆ. ಚೈನು ನೇರ ಓಡುವ ಸೈಕಲ್ಲೊಂದು ದಿನಾ ಹಾದುಹೋದರೆ ಒಂದು ದಿನ "ಯಾರಪ್ಪ ಈ ರತ್ನ?" ಎಂದು ಕೇಳದೆ ಇರುತ್ತಾನೆಯೇ? ಆಮೇಲೆ ಹಿರಿಯರು ಬಂದಾಗ ಆ ರತ್ನವನ್ನು ತೋರಿಸಿದರಾಯಿತು.

"ನಾನು ಹೇಳಿಕೊಡ್ತೀನಿ," ಎಂದಳು.

"ನಿನಗೆ ಗೊತ್ತಾ?"

"ಇಷ್ಟು ವರ್ಷ ಅನ್ನಕ್ಕಿಂತ ಹೆಚ್ಚು ಅದನ್ನೇ ತಿಂದಿದೀನಿ. ಗೊತ್ತಿಲ್ದೆ ಏನು?"

ಮುಂದಿನ ಭಾನುವಾರ ಇಗರ್ಜಿಯ ಅಂಗಳದಲ್ಲಿ, ಪೂಜೆ ಮುಗಿಸಿ ಬಂದ ಹೆಂಗಸರ ಬಿಳಿ ಶಾಲುಗಳ ಮರೆಯಲ್ಲಿ, ಪಾಠ ನಡೆಯಿತು. ಮೆರ್ಹಾವಿ ತಲೆತಗ್ಗಿಸಿ ನಿಂತ. ತೆಳ್ಳಗಿನ ಹುಡುಗ, ಕಣ್ಣಿನವನಾದ್ದರಿಂದಲೋ ಏನೋ ಎದುರಿನವರ ಮುಖವನ್ನು ತೀರ ಹತ್ತಿರದಿಂದ ನೋಡುತ್ತಿದ್ದ. ಲೆಮ್ಲೆಮ್ ಗಂಡನ ಧಾಟಿಯಲ್ಲೇ ಗಂಟಲು ಸರಿಪಡಿಸಿಕೊಂಡಳು. ಮುಂದೆ ದೊಡ್ಡದು, ಚಿಕ್ಕದು. ಹಿಂದೆ ದೊಡ್ಡದು, ಚಿಕ್ಕದು. ಇಷ್ಟು ಖಂಡಿತ ನೆನಪಿತ್ತು. ಯಾವುದಕ್ಕೆ ಯಾವುದು ಎಂಬಲ್ಲಿ ಮಾತ್ರ ಗಳಿಗೆ ತಡವರಿಸಿದಳು. ಕೊನೆಗೆ ಅಡುಗೆಮನೆಯ ಬುದ್ಧಿ ಕೈಹಿಡಿಯಿತು.

"ನೋಡಪ್ಪಾ, ದೊಡ್ಡ ಮಡಕೆಗೆ ದೊಡ್ಡ ಮುಚ್ಚಳ, ಚಿಕ್ಕ ಮಡಕೆಗೆ ಚಿಕ್ಕ ಮುಚ್ಚಳ. ಮುಂದೆ ದೊಡ್ಡದು ಹಾಕಿದ್ರೆ ಹಿಂದೇನೂ ದೊಡ್ಡದೇ. ಚಿಕ್ಕದಕ್ಕೆ ಚಿಕ್ಕದು. ಬಾಯಿಗೆ ಬಾಯಿ ಸರಿಯಾಗಿ ಕೂತರೆ ಯಾವುದೂ ಸವೆಯಲ್ಲ."

"ಇಷ್ಟು ಸುಲಭನಾ ಅಮ್ಮಾ?"

"ಸುಲಭಾನೇ. ನಮ್ಮನೆಯವರು ಸುತ್ತಿ ಬಳಸಿ ಹೇಳ್ತಾರೆ ಅಷ್ಟೆ."

ಹುಡುಗ ಕೈ ಮುಗಿದು, ಮಡಕೆ ಮುಚ್ಚಳವೆಂದು ಜಪಿಸುತ್ತ ಹೋದ.

ಆ ವಾರದಿಂದಲೇ ಬೀದಿಗೆ ಒಬ್ಬ ಕಟುಕ ಬರಲು ಶುರುಮಾಡಿದ.

"ಬಂದ!" ಎಂದು ಕಿಫ್ಲೆ ಬಾಲ್ಕನಿಯಿಂದ ಕೂಗಿದ. "ಕೇಳು, ಲೆಮ್ಲೆಮ್! ಕರಕರ ಕರಕರ. ನಾಯಿ ಮೂಳೆ ಅಗಿದ ಹಾಗೆ! ಏರಿನಲ್ಲಿ ದೊಡ್ಡದಕ್ಕೆ ದೊಡ್ಡದು ಎಳೆದಿದಾನೆ!"

ಲೆಮ್ಲೆಮ್ ಮನೆಯ ಹಿಂಭಾಗದ ಅಡುಗೆಮನೆಯಲ್ಲಿ ಹಿಟ್ಟು ಕಲಸುತ್ತಿದ್ದಳು. ಬೀದಿಯ ಸದ್ದು ಅಲ್ಲಿಗೆ ಕೇಳಿಸದು, ಗಂಡನ ಸದ್ದು ಮಾತ್ರ ಕೇಳಿಸುತ್ತಿತ್ತು. "ಹೂಂ," ಎಂದಳು.

ಸ್ವಲ್ಪ ಹೊತ್ತಿಗೆ ಇನ್ನೊಂದು ಕೂಗು. "ಈಗ ಇಳೀತಿದಾನೆ! ಚಿಕ್ಕದಕ್ಕೆ ಚಿಕ್ಕದು! ಚೈನು ಸಡಿಲಾಗಿ ಟಪಟಪ ಬಡಿಯೋದು ಕೇಳು! ಹತ್ತುವಾಗಲೂ ಕೊಲ್ತಾನೆ, ಇಳಿಯುವಾಗಲೂ ಕೊಲ್ತಾನೆ! ಒಂದಾದರೂ ಆಕಸ್ಮಿಕವಾಗಿ ಸರಿ ಬರಬೇಕಲ್ಲ? ಇಲ್ಲ! ಓದಿ ಕಲಿತವನ ಹಾಗೆ ತಪ್ಪು ಮಾಡ್ತಾನೆ!"

"ಯಾರ್ರೀ ಅವನು?"

"ಯಾರಿಗೆ ಗೊತ್ತು? ತಲೆಗೆ ಟೋಪಿ, ಮುಖ ಕಾಣಲ್ಲ. ಕಟುಕ!"

ಲೆಮ್ಲೆಮ್ ಹಿಟ್ಟಿನ ಕೈ ಒರೆಸಿಕೊಂಡು ನಡುಮನೆಯವರೆಗೆ ಬಂದು, ಏನೂ ಗೊತ್ತಿಲ್ಲದವಳಂತೆ ಕೇಳಿದಳು. "ಇನ್ಯಾರೂ ಹೋಗಲಿಲ್ವಾ? ಸದ್ದಿಲ್ದೆ ನೇರವಾಗಿ ಹೊಡೆಯೋರು?"

"ಸದ್ದಿಲ್ದೆ ಹೋದರೆ ಹೋದ ಅಂತ ನನಗೆ ಹೇಗೆ ಗೊತ್ತಾಗ್ಬೇಕು?"

ಅವಳಿಗೆ ಹೃದಯ ತುಂಬಿ ಬಂತು. ಹುಡುಗ ಎಷ್ಟು ನಯವಾಗಿ ಕಲಿತಿದ್ದಾನೆಂದರೆ ಕಿಫ್ಲೆಯ ಕಿವಿಗೂ ಸಿಕ್ಕದೆ ಹಾದುಹೋಗುತ್ತಿದ್ದಾನೆ! ರಾತ್ರಿ ಊಟಕ್ಕೆ ಕೂತಾಗ ಮಗಳಿಗೆ ಕಣ್ಣಲ್ಲೇ ಅಭಯ ಕೊಟ್ಟಳು. ಊಟ ಮುಗಿದು ಅಡುಗೆಮನೆಯಲ್ಲಿ ಇಬ್ಬರೇ ಆದಾಗ ನೋಡಿದರೆ ರಿಶಾನ್ ಕೂಡ ಒಳ್ಳೆಯ ಸುದ್ದಿಯನ್ನೇ ತಂದಿದ್ದಳು: "ಅಪ್ಪ ದಿನಾ ಅವನಿಗೆ ಕೈ ಎತ್ತಿ ತೋರಿಸ್ತಾರಂತೆ ಅಮ್ಮಾ. ಅವನೂ ವಾಪಸ್ ಕೈ ಬೀಸ್ತಾನಂತೆ." ಕಟುಕನ ಮೇಲೆ ಮುಷ್ಟಿ ಬೀಸಿ ಬೀಸಿ ಕಿಫ್ಲೆಯ ಭುಜ ನೋಯುತ್ತಿದ್ದ ವಿಷಯವನ್ನೂ ಈ ವಿಷಯವನ್ನೂ ಪಕ್ಕಪಕ್ಕ ಇಟ್ಟು ನೋಡುವ ಬುದ್ಧಿ ತಾಯಿಗೂ ಬರಲಿಲ್ಲ, ಮಗಳಿಗೂ ಬರಲಿಲ್ಲ.

ಅಷ್ಟೇ ಆಗಿದ್ದರೆ ಸರಿ. ಲೆಮ್ಲೆಮ್ ಗಂಡನನ್ನು ಒಳ್ಳೆಯ ಮನಸ್ಥಿತಿಯಲ್ಲಿ ಇಡಬೇಕೆಂದು ಅವನ ಭುಜಕ್ಕೆ ಎಣ್ಣೆ ತಿಕ್ಕುತ್ತ ತಾನೂ ದನಿಗೂಡಿಸಿದಳು. "ಅಂಥವನಿಗೆ ಯಾರಾದ್ರೂ ಹೆಣ್ಣು ಕೊಡ್ತಾರೇನ್ರೀ? ಅವಳನ್ನ ದೇವರೇ ಕಾಪಾಡ್ಬೇಕು."

"ಆ ಮಾತು ಹೇಳು," ಎಂದ ಕಿಫ್ಲೆ.

ಉಪವಾಸ ಮುಗಿಯಿತು. ಹಬ್ಬದ ಮಾಂಸದ ಸಾರು ಮುಗಿಯಿತು. ಭಾನುವಾರ ಹಿರಿಯರು ಬಂದರು: ಊರಿಗೆಲ್ಲ ಬೇಕಾದ ಮುದುಕರು ಅಯಾ ಝೆರೆಮಾರ್ಯಮ್, ಹುಡುಗನ ಚಿಕ್ಕಪ್ಪ ಬೆರಾಕಿ, ಅವರ ಜೊತೆ ಒಬ್ಬ ಪಾದ್ರಿಗಳು. ಮೂವರೂ ಕೋಟಿನ ಮೇಲೆ ಬಿಳಿ ಶಾಲು ಹೊದ್ದು, ಕೈಗೋಲು ಹಿಡಿದು, ಸೋಫಾದಲ್ಲಿ, ಅಂದರೆ ಸೈಕಲ್ಲಿನ ಕೆಳಗೆ, ಕುಳಿತರು. ಎದುರಿಗೆ ಲೆಮ್ಲೆಮ್ ಬೆಳಿಗ್ಗೆಯಿಂದ ನಿಂತು ಸುಟ್ಟ ದಪ್ಪನೆಯ ದುಂಡು ಹಿಂಬಾಶಾ ರೊಟ್ಟಿ. ಹೆಣ್ಣು ಕೇಳಲು ಬಂದವರು ಉತ್ತರ ಸಿಗುವವರೆಗೆ ರೊಟ್ಟಿ ಮುರಿಯುವ ಹಾಗಿಲ್ಲ. ಪಾದ್ರಿಗಳು ಅದನ್ನು ಪ್ರಾರ್ಥನಾಪೂರ್ವಕವಾಗಿ ನೋಡುತ್ತಿದ್ದರು. ಲೆಮ್ಲೆಮ್ ಮೂಲೆಯ ಕೆಂಡದ ಮುಂದೆ ಕಾಫಿ ಬೀಜ ಹುರಿಯುತ್ತ ಕುಳಿತಳು. ಒಳಕೋಣೆಯ ಬಾಗಿಲು ಒಂದು ಬೆರಳಿನಷ್ಟು ತೆರೆದಿತ್ತು. ಅದರ ಹಿಂದೆ ರಿಶಾನ್.

ಹುಡುಗ ಬರುವ ಪದ್ಧತಿ ಇಲ್ಲ. ಅವನನ್ನು ಬೀದಿಯ ಕೆಳಗಿನ ಕಾಫಿ ಬಾರಿನಲ್ಲಿ ಕೂರಿಸಿ ಬಂದಿದ್ದರು.

ಮೊದಲು ವಂಶಾವಳಿ. ಏಳು ತಲೆಮಾರಿನೊಳಗೆ ರಕ್ತಸಂಬಂಧ ಇರಬಾರದು. ಆದ್ದರಿಂದ ಅಯಾ ಝೆರೆಮಾರ್ಯಮ್ ಹುಡುಗನ ಅಪ್ಪ, ಅಜ್ಜ, ಮುತ್ತಜ್ಜ ಎಂದು ಕಣ್ಣು ಮುಚ್ಚಿ ಹೇಳುತ್ತ ಹೋದರು.

"ಅಲ್ಲ," ಎಂದ ಕಿಫ್ಲೆ.

"ಏನಲ್ಲ?"

"ಐದನೆಯವರು ಗೆಬ್ರೆಜ್ಗಿ ಅಲ್ಲ. ಗೆಬ್ರೆಜ್ಗಿ ಐದನೆಯವರ ತಮ್ಮ. ನಿಮ್ಮ ಐದನೆಯವರು ಹೈಲು."

ಪೂರ್ವಜರು ಅವರ ಮನೆಯವರು. ಆದರೂ ತಿದ್ದುಪಡಿ ಈ ಮನೆಯದು. ಲೆಮ್ಲೆಮಳ ಕೈಯಲ್ಲಿ ಬೀಜ ಹೊತ್ತಿತು. ಮುದುಕರು ಕಣ್ಣು ತೆರೆದು, ಬೆರಳು ಮಡಿಸಿ ಮಡಿಸಿ ನೋಡಿ, "ಹೌದಲ್ಲ, ಮೇಷ್ಟ್ರೇ," ಎಂದರು. ಕಿಫ್ಲೆಯ ಮುಖ ಅರಳಿತು. ತಾನು ತಿದ್ದಿದ್ದನ್ನು ತಕ್ಷಣ ಒಪ್ಪಿಕೊಂಡ ಮನುಷ್ಯರನ್ನು ಕಂಡು ಎಷ್ಟು ವರ್ಷವಾಗಿತ್ತೋ. ಸಂಬಂಧ ಎಲ್ಲೂ ಕೂಡಲಿಲ್ಲ. ಹುಡುಗ ಹೇಗೆ ಎಂದು ಕೇಳಿದ. ಕಣ್ಣು ಪರೀಕ್ಷೆ ಮಾಡುತ್ತಾನೆ, ಕುಡಿಯುವುದಿಲ್ಲ ಎಂದರು. ಅಮ್ಮನನ್ನು ಸಾಕುತ್ತಾನೆ ಎಂದರು. "ಒಟ್ಟಿನಲ್ಲಿ ನೇರ ಮನುಷ್ಯ, ಮೇಷ್ಟ್ರೇ. ಓರೆಕೋರೆ ಅನ್ನೋದು ಅವನಲ್ಲಿಲ್ಲ," ಎಂದರು ಬೆರಾಕಿ.

"ನೇರ ಇದ್ರೆ ಸಾಕು. ನನಗೆ ಇನ್ನೇನು ಬೇಕು?" ಎಂದು ಕಿಫ್ಲೆ ಗಂಟಲು ಸರಿಪಡಿಸಿಕೊಂಡ. ಪಾದ್ರಿಗಳು ರೊಟ್ಟಿಯ ಕಡೆಗೆ ಅರ್ಧ ಇಂಚು ಸರಿದರು.

ಕರಕರ ಕರಕರ ಕರಕರ.

"ಅವನೇ!" ಕಿಫ್ಲೆ ಚಂಗನೆ ಎದ್ದ. "ಕಟುಕ! ಭಾನುವಾರಾನೂ ಬಿಡಲ್ಲ!" ಎಂದು ಬಾಲ್ಕನಿಗೆ ನುಗ್ಗಿದ. ಬೀದಿಯಲ್ಲಿ ಕೊಲೆಯಾಯಿತೆಂದು ತಿಳಿದು ಹಿರಿಯರೂ ಕೋಲು ಹಿಡಿದು ಹಿಂದೆಯೇ ಓಡಿದರು. ಕೆಳಗೆ ಸವಾರ ತಲೆಯೆತ್ತಿ, ಎಂದಿನಂತೆ ಮುಷ್ಟಿ ಬೀಸುತ್ತಿದ್ದ ಕಿಫ್ಲೆಯನ್ನು ಕಂಡು, ಎಂದಿನಂತೆ ಕೈ ಬೀಸಿದ. ಇಂದು ಶುಭದಿನವಾದ್ದರಿಂದ ಟೋಪಿಯನ್ನೂ ತೆಗೆದ.

"ಅಯ್ಯೋ, ನಮ್ಮ ಮೆರ್ಹಾವಿ!" ಎಂದು ಬೆರಾಕಿ ನಕ್ಕರು. "ಬಾರಲ್ಲೇ ಕೂತಿರು ಅಂದಿದ್ದೆ, ತಡೆಯೋಕಾಗಿಲ್ಲ ನೋಡಿ. ಓಹೋ, ಮೇಷ್ಟ್ರಿಗೆ ಮೊದಲೇ ಪರಿಚಯ! ಕೈ ಬೀಸ್ತಾ ಇದಾರೆ!"

ಕಿಫ್ಲೆ ಒಳಗೆ ಬಂದು ಕುಳಿತ. ಹಿರಿಯರು ಮೂವರೂ ಮತ್ತೆ ಸೋಫಾದಲ್ಲಿ ಕೂರುವವರೆಗೆ ಕಾದ. ಆಮೇಲೆ, "ಕೊಡಲ್ಲ," ಎಂದ.

"ಏನು ಕೊಡಲ್ಲ?" ಎಂದರು ಅಯಾ ಝೆರೆಮಾರ್ಯಮ್.

"ಹುಡುಗೀನ."

"ಈಗ ತಾನೆ…"

"ಈಗ ತಾನೆ ಕೇಳಿದೆನಲ್ಲ. ನೇರ ಮನುಷ್ಯ ಅಂದ್ರಿ. ಕಣ್ಣು ಪರೀಕ್ಷೆ ಮಾಡ್ತಾನೆ ಅಂದ್ರಿ. ಕಾಲ ಕೆಳಗೆ ಚೈನು ಓರೆಯಾಗಿರೋದು ಕಾಣದವನು ಯಾರ ಕಣ್ಣು ಪರೀಕ್ಷೆ ಮಾಡ್ತಾನೆ?"

"ಮೇಷ್ಟ್ರೇ, ನಾವು ಸೈಕಲ್ಲು ಕೇಳೋಕೆ ಬಂದಿಲ್ಲ."

"ಕೇಳಿದ್ರೆ ಅದನ್ನೂ ಕೊಡಲ್ಲ."

ಬೆರಾಕಿ ಕೋಲು ಕೈಗೆತ್ತಿಕೊಂಡರು. ಪಾದ್ರಿಗಳು ರೊಟ್ಟಿಯ ಕೊನೆಯ ದರ್ಶನ ಪಡೆದು ಶಾಲು ಸರಿಪಡಿಸಿಕೊಂಡರು. ಲೆಮ್ಲೆಮ್ ಮೂಲೆಯಲ್ಲಿ ಕಾಫಿಯ ಮಣ್ಣಿನ ಹೂಜಿ ಹಿಡಿದು ಕಲ್ಲಾಗಿದ್ದಳು. ಹುಡುಗನೇ ಕಟುಕ! ಅಷ್ಟು ಚೆನ್ನಾಗಿ, ಮಡಕೆ ಮುಚ್ಚಳ ಸಮೇತ ಹೇಳಿಕೊಟ್ಟಿದ್ದಳಲ್ಲ, ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಟ್ಟನೇ? ಈ ಹಿರಿಯರು ಮೆಟ್ಟಿಲಿಳಿದರೆ ಇನ್ನು ಈ ಮೆಟ್ಟಿಲು ಇರುವುದು ಗುಡಿಸುವುದಕ್ಕೆ ಮಾತ್ರ. ರಿಶಾನ್ ಔಷಧದಂಗಡಿಯ ಗಾಜಿನ ಹಿಂದೆ ಮಾತ್ರೆ ಎಣಿಸುತ್ತ ಎಣಿಸುತ್ತ ಅಪ್ಪನ ಹಾಗಾಗುತ್ತಾಳೆ. ಮನೆಯಲ್ಲಿ ಇಬ್ಬರು ಕಿಫ್ಲೆಗಳು! ಲೆಮ್ಲೆಮ್ ಆ ಚಿತ್ರವನ್ನು ಪೂರ್ತಿ ನೋಡಲಾರದೆ ಕಣ್ಣು ಮುಚ್ಚಿಕೊಂಡಳು.

ಆಗ ಒಳಬಾಗಿಲು ದಡಾರನೆ ತೆರೆಯಿತು. ಹೆಣ್ಣು ಹೊರಗೆ ಬರುವ ಪದ್ಧತಿಯೂ ಇಲ್ಲ. ರಿಶಾನ್ ಯಾರನ್ನೂ ನೋಡದೆ ನೇರ ಬಾಲ್ಕನಿಗೆ ಹೋಗಿ, ಮೂರು ಬೀದಿಗೆ ಕೇಳುವಂತೆ ಕೂಗಿದಳು.

"ಮೆರ್ಹಾವೀ! ಸೈಕಲ್ಲು ಅಲ್ಲೇ ಬಿಟ್ಟು ಮೇಲೆ ಬಾ! ಚೈನಿನ ಕಡೆ ಮಲಗಿಸ್ಬೇಡ!"

ಹುಡುಗ ಬಂದು ಬಾಗಿಲಲ್ಲಿ ನಿಂತ. ಕಿಫ್ಲೆ ಅವನನ್ನು ಕರಿಹಲಗೆಯ ಮುಂದೆ ನಿಲ್ಲಿಸಿದಂತೆ ಹಜಾರದ ನಡುವೆ ನಿಲ್ಲಿಸಿದ.

"ಏರು ಹತ್ತುವಾಗ ಮುಂದೆ ಯಾವ ಬಿಲ್ಲೆ ಹಾಕಿದ್ದೆ?"

"ದೊಡ್ಡದು, ಮೇಷ್ಟ್ರೇ."

"ಹಿಂದೆ?"

"ಅದೂ ದೊಡ್ಡದೇ."

"ಇಳಿಯುವಾಗ?"

"ಚಿಕ್ಕದಕ್ಕೆ ಚಿಕ್ಕದು," ಎಂದ ಹುಡುಗ, ತಯಾರಿ ಮಾಡಿದ ಪ್ರಶ್ನೆಯೇ ಪರೀಕ್ಷೆಯಲ್ಲಿ ಬಂದವನ ಉತ್ಸಾಹದಿಂದ.

"ಯಾಕೆ?"

"ದೊಡ್ಡ ಮಡಕೆಗೆ ದೊಡ್ಡ ಮುಚ್ಚಳ, ಚಿಕ್ಕ ಮಡಕೆಗೆ ಚಿಕ್ಕ ಮುಚ್ಚಳ. ಬಾಯಿಗೆ ಬಾಯಿ ಸರಿಯಾಗಿ ಕೂತರೆ ಯಾವುದೂ ಸವೆಯಲ್ಲ."

ಕಿಫ್ಲೆ ಹಣೆ ಒತ್ತಿಕೊಂಡ. "ಯಾವ ಕತ್ತೆ ನಿನಗೆ ಇದನ್ನ ಹೇಳಿಕೊಡ್ತು?"

ಹುಡುಗ ನೆಲ ನೋಡಿದ. "ಒಬ್ಬರು ದೊಡ್ಡವರು."

"ಹೆಸರು?"

"ಹೇಳಲ್ಲ, ಮೇಷ್ಟ್ರೇ. ನಾನು ತುಂಬ ಗೌರವ ಇಟ್ಕೊಂಡಿರೋರು."

ಲೆಮ್ಲೆಮಳ ಎದೆಯಲ್ಲಿ ಆಗ ಸೂರ್ಯ ಹುಟ್ಟಿದ. ಹುಡುಗ ಏನೂ ತಪ್ಪು ಮಾಡಿಲ್ಲ! ಹೇಳಿಕೊಟ್ಟದ್ದನ್ನು ಅಕ್ಷರ ಬಿಡದೆ ಪಾಲಿಸಿದ್ದಾನೆ. ಎಂದರೆ ತಪ್ಪು ಯಾರದು? ಗಂಡನದು! ದಿನವೂ ತಾನೇ ಹೇಳಿದ ಪಾಠವನ್ನು ತಾನೇ ಮರೆತು ಕೂತಿದ್ದಾನೆ, ವಯಸ್ಸಾಯಿತು ಪಾಪ. ಮದುವೆಯ ಕಿರೀಟ ವಾಲಿದ ದಿನದಿಂದ ಕಾಯುತ್ತಿದ್ದ ಗಳಿಗೆ ಅವಳ ಮುಂದೆ ತಾನಾಗಿ ಬಂದು ನಿಂತಿತ್ತು. ಸಾಕ್ಷಿಗೆ ಮೂವರು ಹಿರಿಯರು, ಅದರಲ್ಲೊಬ್ಬರು ದೇವರ ಕಡೆಯವರು. ಹೂಜಿ ಹಿಡಿದೇ ಮಹಾರಾಣಿಯಂತೆ ಮುಂದೆ ಬಂದಳು.

"ಕತ್ತೆ ಅಲ್ಲ ರೀ. ನಾನು. ನಾನೇ ಹೇಳಿಕೊಟ್ಟೆ. ಹುಡುಗ ಸರಿಯಾಗೇ ಹೇಳಿದಾನಲ್ಲ! ದಿನಾ ಊಟದ ಹೊತ್ತಿಗೆ ನೀವು ಹೇಳಿದ್ದು ಇದೇ ತಾನೆ? ನನ್ನ ಕಿವಿಯಾರೆ ಕೇಳಿದೀನಿ. ಈಗ ಎಲ್ಲರ ಮುಂದೆ ಇಲ್ಲ ಅನ್ನಬೇಡಿ!"

ಕಿಫ್ಲೆ ಹಣೆಯಿಂದ ಕೈ ತೆಗೆದ.

"ನಾನು ಹೇಳಿದ್ದು," ಎಂದ ಕಿಫ್ಲೆ ನಿಧಾನವಾಗಿ, ಯಾರದೋ ಸಾವಿನ ಸುದ್ದಿ ಹೇಳುವಂತೆ, "ದೊಡ್ಡದಕ್ಕೆ ಚಿಕ್ಕದು. ಚಿಕ್ಕದಕ್ಕೆ ದೊಡ್ಡದು."

ಲೆಮ್ಲೆಮ್ ಗಂಡನ ಮುಖ ನೋಡಿದಳು. ಗೋಡೆಯ ಮೇಲಿನ ಸೈಕಲ್ಲು ನೋಡಿದಳು. ಅಲ್ಲಿ ಚೈನು, ಮುಂದಿನ ದೊಡ್ಡ ಬಿಲ್ಲೆಯಿಂದ ಹಿಂದಿನ ಚಿಕ್ಕ ಬಿಲ್ಲೆಗೆ, ದಾರ ಎಳೆದಷ್ಟು ನೇರವಾಗಿ, ಇಷ್ಟು ವರ್ಷವೂ ಅವಳ ಊಟದ ತಟ್ಟೆಯ ಎದುರಿಗೇ ತೂಗುತ್ತಿತ್ತು.

"ಹೂಂ," ಎಂದಳು.

"ಇದೊಂದೇ," ಎಂದ ಕಿಫ್ಲೆ ಯಾರಿಗೂ ಅಲ್ಲದೆ. "ದಿನಾ. ಇದೊಂದೇ ಪಾಠ. ಒಬ್ಬಳೇ ವಿದ್ಯಾರ್ಥಿನಿ."

ಮೊದಲು ನಕ್ಕವರು ಪಾದ್ರಿಗಳು. ಶಾಲಿನಿಂದ ಬಾಯಿ ಮುಚ್ಚಿಕೊಂಡರೂ ಹೊಟ್ಟೆ ಕುಣಿಯುತ್ತಿತ್ತು. ಆಮೇಲೆ ಬೆರಾಕಿ. ಅಯಾ ಝೆರೆಮಾರ್ಯಮ್ ಮಾತ್ರ ನಗಲಿಲ್ಲ, ಅವರು ಕೆಲಸದ ಮೇಲೆ ಬಂದ ಮುದುಕರು. ಕೋಲನ್ನು ಮತ್ತೆ ಗೋಡೆಗೆ ಒರಗಿಸಿಟ್ಟರು.

"ಮೇಷ್ಟ್ರೇ, ನ್ಯಾಯವಾಗಿ ಹೇಳಿ. ಈ ತಪ್ಪಿಗೆ ನಮ್ಮ ಹುಡುಗ ಈ ಮನೆಗೆ ತಕ್ಕವನಲ್ಲ ಅಂತಾದರೆ, ಇದೇ ತಪ್ಪು ಮಾಡಿದ ನಿಮ್ಮ ಹೆಂಡತಿಯನ್ನೂ ಅವರ ತವರಿಗೆ ಕಳಿಸ್ಬೇಕಾಗುತ್ತೆ. ಕಳಿಸೋದಾದ್ರೆ ಹೇಳಿ, ನಾವು ಹೇಗೂ ಆ ಕಡೆನೇ ಹೋಗೋದು. ಜೊತೆಗೆ ಕರ್ಕೊಂಡು ಹೋಗ್ತೀವಿ."

ಕಿಫ್ಲೆ ಲೆಕ್ಕ ಹಾಕಿದ. ಎಷ್ಟಾದರೂ ಗಣಿತದವನು, ಒಂದು ಕಡೆ ಒಪ್ಪಿದ ಸಮೀಕರಣವನ್ನು ಇನ್ನೊಂದು ಕಡೆ ಅಲ್ಲಗಳೆಯಲಾರ.

"ಆಗಲಿ," ಎಂದ. "ಆದರೆ ಭಾನುವಾರ ಭಾನುವಾರ ಹುಡುಗ ನನ್ನ ಹತ್ರ ಪಾಠಕ್ಕೆ…"

'ಆದರೆ' ಎಂಬಷ್ಟರಲ್ಲೇ ಪಾದ್ರಿಗಳು ರೊಟ್ಟಿ ಮುರಿದಾಗಿತ್ತು.

ಕಾಫಿ ಒಂದು ಸುತ್ತಾಯಿತು, ಎರಡಾಯಿತು, ಆಶೀರ್ವಾದದ ಮೂರನೆಯದೂ ಆಯಿತು. ರಿಶಾನ್ ಬಟ್ಟಲು ಹಂಚಿದಳು. ಮೆರ್ಹಾವಿ ಅವಳ ಮುಖವನ್ನು ತೀರ ಹತ್ತಿರದಿಂದ ನೋಡಿದ. ಎಲ್ಲರೂ ನಗುತ್ತಿದ್ದರು. ಲೆಮ್ಲೆಮ್ ಮಾತ್ರ ತನ್ನ ಬಟ್ಟಲನ್ನು ಮುಟ್ಟದೆ ಗೋಡೆಯ ಸೈಕಲ್ಲನ್ನೇ ನೋಡುತ್ತಿದ್ದಳು. ಮಗಳ ಬದುಕು ದಡ ಸೇರಿತು, ನಿಜ. ಇವಳದು? ಅತಿಥಿಗಳು ಹೋದ ಗಳಿಗೆಯಿಂದ ತಿದ್ದುಪಡಿ ಆರಂಭವಾಗುತ್ತದೆ. ಇನ್ನು ಸೋಫಾದ ಮೇಲಿನ ಸೈಕಲ್ಲು ಊಟದ ಮೇಜಿಗೇ ಇಳಿದು ಬರುತ್ತದೆ. ಪ್ರತಿ ಮಡಕೆ ಎತ್ತುವಾಗಲೂ, ಪ್ರತಿ ಮುಚ್ಚಳ ಇಡುವಾಗಲೂ ಹಿಂದಿನಿಂದ ಒಂದು ಗಂಟಲು ಸರಿಯಾಗುತ್ತದೆ. ಅವಳು ಸತ್ತರೆ ಶವಪೆಟ್ಟಿಗೆಯ ಮುಚ್ಚಳ ಹಾಕುವಾಗಲೂ ಅವನು ಪಾದ್ರಿಗಳಿಗೆ ಈ ಕಥೆ ಹೇಳದೆ ಬಿಡುವುದಿಲ್ಲ. ಕರುಣೆಯೆಂಬುದು ಆ ಮೈಯಲ್ಲಿ ಇದ್ದಿದ್ದರೆ ತಾನೆ?

ಹಿರಿಯರಿಗಿಂತ ಮೊದಲು ಹುಡುಗ ಹೊರಡಬೇಕು. ಎಲ್ಲರಿಗೂ ಬಗ್ಗಿ ನಮಸ್ಕರಿಸಿ ಕೆಳಗೆ ಹೋದ. ಅವನ ಮನೆ ಏರಿನ ಆಚೆಗೆ. ಬಾಲ್ಕನಿಯಲ್ಲಿ ಎಲ್ಲರೂ ಸಾಲಾಗಿ ನಿಂತರು. ಎದುರುಮನೆಯವರು, ಮೂಲೆಮನೆಯವರು, ರಿಶಾನಳ ಕೂಗಿಗೆ ಹೊರಬಂದು ಇನ್ನೂ ಒಳಹೋಗದ ಬೀದಿಯವರೆಲ್ಲ ನಿಂತರು. ಇಷ್ಟು ಕಣ್ಣುಗಳ ಕೆಳಗೆ ಮೆರ್ಹಾವಿ ಸೈಕಲ್ಲು ಹತ್ತಿದ. ಗೇರಿನ ಕಡ್ಡಿಯನ್ನು ಅತ್ತ ಎಳೆದ, ಇತ್ತ ಎಳೆದ, ಏನನ್ನೋ ಗೊಣಗಿಕೊಂಡ. ಕೊನೆಗೆ ಹಳೆಯ ಪಾಠವೇ ಗಟ್ಟಿ ಎನಿಸಿರಬೇಕು.

ಕರಕರ ಕರಕರ.

"ಅಯ್ಯೋ ದೇವರೇ," ಎಂದಳು ರಿಶಾನ್.

ಎಲ್ಲರೂ ತಿರುಗಿ ಕಿಫ್ಲೆಯನ್ನು ನೋಡಿದರು. ಕಿಫ್ಲೆ ಅಲ್ಲಿರಲಿಲ್ಲ. ಮೆಟ್ಟಿಲಿನ ಮೇಲೆ ಚಪ್ಪಲಿಯ ಸದ್ದು ಪಟಪಟ ಇಳಿಯುತ್ತಿತ್ತು. ಲೆಮ್ಲೆಮ್ ಕಂಬಿ ಹಿಡಿದುಕೊಂಡಳು. ಹೋದ. ಇಡೀ ಬೀದಿಯ ಮುಂದೆ ನಿಲ್ಲಿಸಿ ಹೇಳುತ್ತಾನೆ. ದೊಡ್ಡದಕ್ಕೆ ಚಿಕ್ಕದು ಎಂದು ಹೇಳುತ್ತಾನೆ, ಮಡಕೆಯ ಕಥೆಯನ್ನೂ ಹೇಳುತ್ತಾನೆ.

ಕಿಫ್ಲೆ ಮನೆಯ ಚಪ್ಪಲಿಯಲ್ಲೇ ಏರಿನಲ್ಲಿ ಓಡಿದ. ಸೈಕಲ್ಲಿನ ಪಕ್ಕಕ್ಕೆ ಬಂದ. ಹುಡುಗ ಹೆದರಿ ಕೆಳಗಿಳಿಯಲು ಹೋದ. ಕಿಫ್ಲೆ ಬೇಡವೆಂದು ತಲೆಯಾಡಿಸಿ, ರೇಸಿನ ದಿನ ರಸ್ತೆಯ ಅಂಚಿನಲ್ಲಿ ನಿಂತವರು ದಣಿದ ಸವಾರನಿಗೆ ಮಾಡುವಂತೆ, ತನ್ನ ಅಂಗೈಯನ್ನು ಅವನ ಬೆನ್ನಿಗೆ ಚಾಚಿ ಇಟ್ಟು ತಳ್ಳಿದ. ತಳ್ಳುತ್ತ ಜೊತೆಗೆ ಓಡಿದ. ಚೈನು ಕರಕರ ಎಂದು ಇಡೀ ಬೀದಿಗೆ ಕೇಳುವಂತೆ ಅರಚುತ್ತಿತ್ತು. ಎದುರುಮನೆಯವನು ಜಗಲಿಯಿಂದ, "ಮೇಷ್ಟ್ರೇ, ಅಳಿಯಂದು ಯಾವ ಗೇರು?" ಎಂದು ಕೂಗಿದ. ಕಿಫ್ಲೆ ಅವನತ್ತ ತಿರುಗಿಯೂ ನೋಡಲಿಲ್ಲ. ಒಂದು ಚಪ್ಪಲಿ ಕಳಚಿ ನಡುಬೀದಿಯಲ್ಲಿ ಉಳಿಯಿತು. ಬಾಯಿ ಬಿಗಿಯಾಗಿ ಮುಚ್ಚಿಕೊಂಡು, ಒಂಟಿ ಚಪ್ಪಲಿಯಲ್ಲಿ, ಏರಿನ ಕೊನೆಯ ತಿರುವಿನವರೆಗೂ ಹುಡುಗನನ್ನು ತಳ್ಳಿಕೊಂಡು ಹೋದ.